ಕೆಂಪು ಬಣ್ಣ ಬಳಿದ ಮೇಲೆ ಮುಂದೇನು? ಮುಂಬೈಯ ಬಿಸಿಲು-ಹೊಗೆಯ ನಕ್ಷೆಗಳನ್ನು ಓದುತ್ತಾ

ನಕ್ಷೆಗೂ ವಿಮರ್ಶೆ ಬರೀತಾರಾ ಅಂತ ನೀವು ಕೇಳಬಹುದು. ಕತೆ, ಕವಿತೆ, ಕಾದಂಬರಿಗೆ ವಿಮರ್ಶೆ ಬರೆಯುವುದು ನಮಗೆ ರೂಢಿ. ಆದರೆ ಓದುಗರೇ, ಈಚಿನ ವರ್ಷಗಳಲ್ಲಿ ನಮ್ಮ ಮಹಾನಗರಗಳ ಬಡವರ ಬಗ್ಗೆ ಸರ್ಕಾರಗಳು ನಂಬುವ ಬರಹ ಯಾವುದು? ಕತೆಗಾರರದ್ದಂತೂ ಅಲ್ಲ. ಉಪಗ್ರಹದ ಚಿತ್ರ, ಸೆನ್ಸರ್‌ನ ಅಂಕಿ, ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ನಕ್ಷೆ. ಎಲ್ಲಿ ಸೆಕೆ ಹೆಚ್ಚು, ಎಲ್ಲಿ ಗಾಳಿ ಕೆಟ್ಟಿದೆ, ಯಾವ ವಾರ್ಡಿಗೆ ಹಣ ಹೋಗಬೇಕು, ಯಾವ ಬಸ್ತಿ 'ಅಪಾಯದ ಜಾಗ' ಅಂತ ಅದೇ ಹೇಳುತ್ತದೆ. ಹಾಗಿದ್ದಮೇಲೆ ನಕ್ಷೆಯನ್ನೂ ಒಂದು ಪಠ್ಯದ ಹಾಗೆ ಓದಬೇಕು. ಯಾರು ಬರೆದರು, ಏನು ಬರೆದರು, ಏನು ಬಿಟ್ಟರು, ಯಾರ ಕೈಗೆ ಕೊಟ್ಟರು ಅಂತ ಕೇಳಬೇಕು.

ಇಲ್ಲಿ ನಾನು ಓದಲು ಎತ್ತಿಕೊಂಡಿರುವುದು ಮುಂಬೈಯನ್ನು. ಈ ಊರು ನಮ್ಮವರಿಗೆ ಹೊರಗಿನದಲ್ಲ. ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಹೋದವರು, ಕಲಬುರಗಿ-ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಹೋದವರು, ಹಗಲು ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತವರು, ಎಲ್ಲರ ಬೆವರೂ ಅಲ್ಲಿ ಬಿದ್ದಿದೆ. ಅಲ್ಲಿನ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಆ ಎಂಟರಲ್ಲಿ ಉರ್ದುವೂ ಇದೆ, ಕನ್ನಡವೂ ಇದೆ.

2022ರ ಮಾರ್ಚ್‌ನಲ್ಲಿ ಬೃಹನ್ಮುಂಬೈ ಮಹಾನಗರ ಪಾಲಿಕೆ 'ಮುಂಬೈ ಹವಾಮಾನ ಕ್ರಿಯಾ ಯೋಜನೆ'ಯನ್ನು ಹೊರತಂದಿತು. 2050ರ ಹೊತ್ತಿಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ತರುವುದು ಅದರ ಗುರಿ. ದೇಶಕ್ಕೆ ಹಾಕಿಕೊಂಡ ಗುರಿ 2070, ಅದಕ್ಕಿಂತ ಇಪ್ಪತ್ತು ವರ್ಷ ಮುಂಚೆ! ಯೋಜನೆಯಲ್ಲಿ ನೆಲದ ಕಾವು, ನೆರೆ, ಗಾಳಿ, ಹಸಿರು ಇವನ್ನೆಲ್ಲ ವಾರ್ಡುವಾರು ಪರಿಶೀಲಿಸಿದ್ದಾರೆ. ಇದು ಸಣ್ಣ ಕೆಲಸವಲ್ಲ. ಶಾಖ ಎಲ್ಲರಿಗೂ ಒಂದೇ ಅಲ್ಲ, ಮನೆಯ ಸೂರಿನ ಮೇಲೆ, ಓಣಿಯ ಅಗಲದ ಮೇಲೆ, ಜೇಬಿನ ಮೇಲೆ ಅದು ಬದಲಾಗುತ್ತದೆ ಎಂಬ ಮಾತನ್ನು ಪಾಲಿಕೆಯೇ ಒಪ್ಪಿಕೊಂಡಿತು. ಅದನ್ನು ಮೊದಲು ಮೆಚ್ಚೋಣ. ಆಮೇಲೆ ಪ್ರಶ್ನೆ ಕೇಳೋಣ.

ಮೊದಲ ಪ್ರಶ್ನೆ: ಅಳೆದದ್ದು ಏನನ್ನು?

ಶಾಖದ ನಕ್ಷೆಗಳಲ್ಲಿ ಹೆಚ್ಚಿನವು ಲ್ಯಾಂಡ್‌ಸ್ಯಾಟ್‌ನಂಥ ಉಪಗ್ರಹಗಳು ಕೊಟ್ಟ ಚಿತ್ರದಿಂದ ತಯಾರಾಗುತ್ತವೆ. ಆ ಉಪಗ್ರಹ ನಮ್ಮ ತಲೆಯ ಮೇಲೆ ಹಾದುಹೋಗುವುದು ಬೆಳಗ್ಗೆ ಹತ್ತೂವರೆ-ಹನ್ನೊಂದರ ಹೊತ್ತಿಗೆ. ಅದು ಅಳೆಯುವುದು ನೆಲದ, ಸೂರಿನ, ಡಾಂಬರಿನ ಮೇಲ್ಮೈಯ ಕಾವನ್ನು. ನಮ್ಮ ಮೈಗೆ ತಾಗುವ ಗಾಳಿಯ ಕಾವು ಬೇರೆ. ಮೋಡ ಇದ್ದ ದಿನ ಅದಕ್ಕೆ ಏನೂ ಕಾಣುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಹತ್ತಡಿ ಕೋಣೆಯಲ್ಲಿ ಆರು ಜನ ಹೊರಳಾಡುವುದಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ವಿಚಿತ್ರ ಇದೆ. ಹೊಳೆಯುವ ಹೊಸ ತಗಡು ತನ್ನ ಕಾವನ್ನು ಮೇಲಕ್ಕೆ ಸೂಸುವುದು ಕಡಿಮೆ. ಲೆಕ್ಕದಲ್ಲಿ ಅದಕ್ಕೆ ಸರಿಯಾದ ತಿದ್ದುಪಡಿ ಮಾಡದಿದ್ದರೆ ಸುಡುವ ತಗಡು ಉಪಗ್ರಹದ ಕಣ್ಣಿಗೆ ಇದ್ದುದಕ್ಕಿಂತ ತಂಪಾಗಿ ಕಾಣುತ್ತದೆ. ಕೆಳಗೆ ಕೂತವನಿಗೆ ಮಾತ್ರ ಗೊತ್ತು ಅದು ಬಾಣಲೆ ಅಂತ.

ನಮ್ಮ ಭಾಷೆಗಳು ಈ ವಿಷಯದಲ್ಲಿ ನಕ್ಷೆಗಿಂತ ಸೂಕ್ಷ್ಮ. ಕನ್ನಡದಲ್ಲಿ ಬಿಸಿಲು ಬೇರೆ, ಝಳ ಬೇರೆ, ಧಗೆ ಬೇರೆ, ಸೆಕೆ ಬೇರೆ. ರಾಯಚೂರಿನ ಬಿಸಿಲಿಗೂ ಮಂಗಳೂರಿನ ಸೆಕೆಗೂ ಇರುವ ವ್ಯತ್ಯಾಸ ಎರಡೂ ಕಡೆ ಒಂದೊಂದು ಮೇ ತಿಂಗಳು ಕಳೆದವರಿಗೆ ಗೊತ್ತು. ಉರ್ದುವಿನಲ್ಲಿ ಲೂ ಅಂದರೆ ಒಣ ಬಿಸಿಗಾಳಿ, ಉಮಸ್ ಅಂದರೆ ತೇವ ತುಂಬಿದ ಸೆಕೆ. 'ಹಬ್ಸ್' ಅಂತ ಇನ್ನೊಂದು ಪದವಿದೆ. ಗಾಳಿಯೇ ಆಡದ, ಉಸಿರು ಕಟ್ಟುವ ಸೆಕೆಗೆ ಹಾಗನ್ನುತ್ತಾರೆ. ಅದೇ ಪದಕ್ಕೆ ಸೆರೆವಾಸ ಎಂಬ ಅರ್ಥವೂ ಇದೆ. ಮುಂಬೈಯ ಬಸ್ತಿಗಳ ಶಾಖಕ್ಕೆ ಇದಕ್ಕಿಂತ ಸರಿಯಾದ ಪದ ನನಗೆ ಗೊತ್ತಿಲ್ಲ. ಬಿಟ್ಟು ಹೋಗಲು ಬೇರೆ ಜಾಗ ಇಲ್ಲದವನ ಸೆಕೆ ಅದು.

ಇದು ಬರೀ ಪದಗಳ ಆಟ ಅಲ್ಲ. ಮೈ ತಣ್ಣಗಾಗುವುದು ಬೆವರು ಆರಿದಾಗ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಕಾವು ಮೈಯೊಳಗೇ ಉಳಿಯುತ್ತದೆ. ಕರಾವಳಿ ಊರಿನಲ್ಲಿ ಶಾಖದ ಅಲೆ ಅಂತ ಹವಾಮಾನ ಇಲಾಖೆ ಘೋಷಿಸಬೇಕಾದರೆ ಉಷ್ಣಾಂಶ ಕನಿಷ್ಠ 37 ಡಿಗ್ರಿ ಮುಟ್ಟಬೇಕು, ಆ ದಿನಕ್ಕೆ ಸಹಜವಾದುದಕ್ಕಿಂತ 4.5 ಡಿಗ್ರಿ ಹೆಚ್ಚಿರಬೇಕು. ಅದನ್ನು ಅಳೆಯುವುದು ನೆರಳಲ್ಲಿಟ್ಟ ಉಷ್ಣಮಾಪಕದಿಂದ. ಮುಂಬೈಯ ಉಷ್ಣಾಂಶ ಅಂತ ಹಿಂದಿನಿಂದಲೂ ಪತ್ರಿಕೆಯಲ್ಲಿ ಬರುವುದು ಕೊಲಾಬಾ ಮತ್ತು ಸಾಂತಾಕ್ರೂಜ್, ಈ ಎರಡು ಕೇಂದ್ರಗಳ ಅಂಕಿ. ಒಂದು ಸಮುದ್ರದ ಪಕ್ಕದಲ್ಲೇ ಇದೆ. ಗೋವಂಡಿಯ ತಗಡಿನ ಮನೆಯ ಮಾಳಿಗೆಯಲ್ಲಿ ಜರಿ ಕೆಲಸ ಮಾಡುವ ಹುಡುಗನಿಗೂ ಈ ಎರಡು ಅಂಕಿಗೂ ಏನು ಸಂಬಂಧ?

2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರ್‌ಘರ್ ಮೈದಾನದಲ್ಲಿ ಸರ್ಕಾರದ ಪ್ರಶಸ್ತಿ ಸಮಾರಂಭ ನಡೆಯಿತು. ಬಿಸಿಲಿನಲ್ಲಿ ಗಂಟೆಗಟ್ಟಲೆ ಕೂತ ಜನರಲ್ಲಿ 14 ಮಂದಿ ತೀರಿಕೊಂಡರು. ಆ ದಿನದ ಉಷ್ಣಾಂಶ ದಾಖಲೆಯದ್ದೇನೂ ಆಗಿರಲಿಲ್ಲ. ವೇದಿಕೆಯ ಮೇಲೆ ಚಪ್ಪರ ಇತ್ತು, ಜನರ ತಲೆಯ ಮೇಲೆ ಇರಲಿಲ್ಲ. ಯಾವ ನಕ್ಷೆಯ ಬಣ್ಣವೂ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ.

ಎರಡನೆಯ ಪ್ರಶ್ನೆ: ಸರಾಸರಿ ಮಾಡಿದ್ದು ಯಾವುದನ್ನು?

ಎಂ-ಪೂರ್ವ ವಾರ್ಡನ್ನು ತೆಗೆದುಕೊಳ್ಳಿ. ಗೋವಂಡಿ, ಮಾನ್‌ಖುರ್ದ್, ಶಿವಾಜಿನಗರ, ಬೈಗನ್‌ವಾಡಿ, ಚೀತಾ ಕ್ಯಾಂಪ್ ಎಲ್ಲ ಇದರಲ್ಲಿ ಬರುತ್ತವೆ. ಮುಸ್ಲಿಮರು ಮತ್ತು ದಲಿತರು ದೊಡ್ಡ ಸಂಖ್ಯೆಯಲ್ಲಿರುವ ಪ್ರದೇಶ. 2009ರ ಮುಂಬೈ ಮಾನವ ಅಭಿವೃದ್ಧಿ ವರದಿಯಲ್ಲಿ ಈ ವಾರ್ಡಿನ ಸೂಚ್ಯಂಕ 0.05, ಇಡೀ ನಗರದಲ್ಲೇ ಕೊನೆ. ಈಗ ಇದೇ ವಾರ್ಡಿನ ಒಳಗೆ ಭಾಭಾ ಅಣುಸಂಶೋಧನಾ ಕೇಂದ್ರದ ಹಸಿರು ಆವರಣವಿದೆ, ಟ್ರಾಂಬೆ ಗುಡ್ಡವಿದೆ, ಕಾಂಡ್ಲಾ ಕಾಡಿದೆ. ಇಡೀ ವಾರ್ಡಿನ ಸರಾಸರಿ ತೆಗೆದರೆ ಗುಡ್ಡದ ಮರದ ತಂಪು ಬೈಗನ್‌ವಾಡಿಯ ಖಾತೆಗೂ ಜಮೆ ಆಗುತ್ತದೆ. ಬೈಗನ್‌ವಾಡಿಯ ಹೆಂಗಸು ಆ ಮರದ ಕೆಳಗೆ ಹೋಗಿ ಕೂರುವಂತಿಲ್ಲ, ಅದಕ್ಕೆ ಬೇಲಿ ಇದೆ, ಕಾವಲು ಇದೆ. ನಗರದ ಇನ್ನೊಂದು ತುದಿಯಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಒಳಗೊಂಡ ವಾರ್ಡುಗಳದ್ದೂ ಇದೇ ಕತೆ. ಕಾಡಿನ ಹಸಿರು ಲೆಕ್ಕಕ್ಕೆ ಸಿಗುತ್ತದೆ, ಗುಡ್ಡದ ಕೆಳಗಿನ ಬಸ್ತಿಗೆ ಸಿಗುವುದಿಲ್ಲ.

ಗಾಳಿಯ ಲೆಕ್ಕದಲ್ಲೂ ಇದೇ ತೊಂದರೆ. ಕಣಗಳ ಪ್ರಮಾಣವನ್ನು 24 ಗಂಟೆಯ ಸರಾಸರಿಯಲ್ಲಿ ಹೇಳುತ್ತಾರೆ. ಪಿಎಂ 2.5 ಕಣಗಳಿಗೆ ನಮ್ಮ ದೇಶದ ಮಿತಿ ದಿನಕ್ಕೆ ಘನ ಮೀಟರಿಗೆ 60 ಮೈಕ್ರೋಗ್ರಾಂ, ವರ್ಷಕ್ಕೆ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ದಿನಕ್ಕೆ 15, ವರ್ಷಕ್ಕೆ 5. ಅಂದರೆ ನಮ್ಮಲ್ಲಿ ಹಸಿರು ಬಣ್ಣ ಬಂದ ಗಾಳಿಯೂ ಅವರ ಲೆಕ್ಕದಲ್ಲಿ ಕೆಟ್ಟದ್ದಿರಬಹುದು. ರಾತ್ರಿ ಎರಡು ಗಂಟೆ ಕಸ ಉರಿದು ಹೊಗೆ ತುಂಬಿದರೆ ಉಳಿದ 22 ಗಂಟೆಯ ಗಾಳಿ ಅದನ್ನು ತೆಳ್ಳಗೆ ಮಾಡಿಬಿಡುತ್ತದೆ. ಶ್ವಾಸಕೋಶಕ್ಕೆ ಆ ಸರಾಸರಿ ಗೊತ್ತಿಲ್ಲ.

ಇನ್ನೂ ಒಂದು ಮಾತು. ಭಾರತದ ವಾಯು ಗುಣಮಟ್ಟ ಸೂಚ್ಯಂಕ ಲೆಕ್ಕ ಹಾಕುವುದು ಎಂಟು ಮಾಲಿನ್ಯಕಾರಕಗಳನ್ನು: ಎರಡು ಬಗೆಯ ಕಣಗಳು, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯಾ, ಸೀಸ. ತೈಲ ಶುದ್ಧೀಕರಣದ ಆವಿಗಳು ಈ ಪಟ್ಟಿಯಲ್ಲಿಲ್ಲ. ಬೆಂಜೀನ್‌ಗೆ ದೇಶದ ಮಾನದಂಡದಲ್ಲಿ ಮಿತಿ ಇದೆ, ಸೂಚ್ಯಂಕದಲ್ಲಿ ಜಾಗ ಇಲ್ಲ. ಮಾಹುಲ್‌ನ ಜನ ವರ್ಷಗಟ್ಟಲೆ 'ವಾಸನೆ, ತಲೆಸುತ್ತು, ಕಣ್ಣುರಿ' ಅಂತ ಕೂಗಿದ್ದು ಮೊಬೈಲಿನ ಆ ಬಣ್ಣದ ಚುಕ್ಕೆಯಲ್ಲಿ ಕಾಣದೇ ಹೋದದ್ದಕ್ಕೆ ಇದೂ ಒಂದು ಕಾರಣ.

ಮೂರನೆಯ ಪ್ರಶ್ನೆ: ನಕ್ಷೆಗೆ ನೆನಪಿದೆಯೇ?

ಧಾರಾವಿ ಮತ್ತು ಮಾಟುಂಗ, ಮಧ್ಯೆ ರೈಲು ಹಳಿ. ಉಪಗ್ರಹ ಚಿತ್ರದಲ್ಲಿ ಧಾರಾವಿ ಪಕ್ಕದ ಮಾಟುಂಗಕ್ಕಿಂತ ಕೆಲವು ಡಿಗ್ರಿ ಹೆಚ್ಚು ಬಿಸಿ. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಇರುವುದು ಈ ಮಾಟುಂಗದ ಕಡೆಗೆ. ಅಲ್ಲಿಗೆ ಹೋದವರು ಆ ರಸ್ತೆಗಳ ಮರದ ನೆರಳನ್ನು ನೋಡಿರುತ್ತೀರಿ. ಆ ನೆರಳು ತಾನಾಗಿ ಬಂದದ್ದಲ್ಲ. 1896ರ ಪ್ಲೇಗಿನ ನಂತರ 1898ರಲ್ಲಿ ಬ್ರಿಟಿಷ್ ಸರ್ಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಕಟ್ಟಿತು. ದಾದರ್-ಮಾಟುಂಗದಲ್ಲಿ ಅಗಲ ರಸ್ತೆ, ಮನೆಗೂ ಮನೆಗೂ ನಡುವೆ ಅಂತರ ಇಟ್ಟು ಬಡಾವಣೆ ಮಾಡಿದ್ದು ಆ ಟ್ರಸ್ಟ್. ಅದಕ್ಕೂ ಮುಂಚೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ವಾಸನೆ ಬರುತ್ತದೆ ಅಂತ ಊರೊಳಗಿನ ಚರ್ಮ ಹದ ಮಾಡುವ ಕೆಲಸವನ್ನು ಧಾರಾವಿಯ ಜೌಗಿಗೆ ದೂಡಿದ್ದರು. ಒಂದು ಕಡೆ ಗಾಳಿ ಬೆಳಕನ್ನು ಯೋಜನೆ ಮಾಡಿ ಕೊಟ್ಟರು, ಇನ್ನೊಂದು ಕಡೆ ಊರಿಗೆ ಬೇಡವಾದ ಕೆಲಸವನ್ನೂ ಅದನ್ನು ಮಾಡುವವರನ್ನೂ ಇಟ್ಟರು. ಇವತ್ತಿನ ಆ ಕೆಲವು ಡಿಗ್ರಿ ವ್ಯತ್ಯಾಸದ ಹಿಂದೆ ಇಷ್ಟು ಹಳೆಯ ತೀರ್ಮಾನಗಳಿವೆ.

ಎಂ-ಪೂರ್ವದ ಕತೆ ಇನ್ನೂ ಸ್ಪಷ್ಟ. ದೇವನಾರ್‌ಗೆ ನಗರದ ಕಸ ಹೋಗಲು ಶುರುವಾದದ್ದು 1927ರಲ್ಲಿ. 1950ರ ದಶಕದಲ್ಲಿ ಅದರ ನೆರೆಯ ಟ್ರಾಂಬೆ-ಮಾಹುಲ್ ಬದಿಗೆ ತೈಲ ಶುದ್ಧೀಕರಣ ಘಟಕಗಳು ಬಂದವು. 1971ರಲ್ಲಿ ಬಾಂದ್ರಾದ ಕಸಾಯಿಖಾನೆ ದೇವನಾರ್‌ಗೆ ಬಂತು. 1976ರಲ್ಲಿ ಜನತಾ ಕಾಲೋನಿಯನ್ನು ಕೆಡವಿ ಅಲ್ಲಿದ್ದವರನ್ನು ಚೀತಾ ಕ್ಯಾಂಪಿಗೆ ಕಳಿಸಿದರು. 2009ರಿಂದ ಇಡೀ ನಗರದ ಆಸ್ಪತ್ರೆಗಳ ಕಸ ಸುಡುವ ಘಟಕ ಗೋವಂಡಿಯಲ್ಲಿ ನಡೆಯತೊಡಗಿತು. ನಿವಾಸಿಗಳು ಕೋರ್ಟಿಗೆ ಹೋದರು, 2023ರಲ್ಲಿ ಬಾಂಬೆ ಹೈಕೋರ್ಟ್ ಎರಡು ವರ್ಷದೊಳಗೆ ಅದನ್ನು ಬೇರೆಡೆಗೆ ಸಾಗಿಸಲು ಹೇಳಿತು. ಮಧ್ಯೆ 2016ರ ಜನವರಿಯಲ್ಲಿ ದೇವನಾರ್ ಗುಡ್ಡೆಗೆ ಬೆಂಕಿ ಹತ್ತಿ ಎದ್ದ ಹೊಗೆ ಬಾಹ್ಯಾಕಾಶದ ಚಿತ್ರದಲ್ಲೂ ಕಂಡಿತ್ತು. ಈಗ ಹೇಳಿ, ಈ ವಾರ್ಡು ನಕ್ಷೆಯಲ್ಲಿ ಕೆಂಪಾಗಿರುವುದು ಆಶ್ಚರ್ಯವೇ? ನಕ್ಷೆ ಅದನ್ನು 'ದುರ್ಬಲ' ಅಂತ ಕರೆಯುತ್ತದೆ. ದುರ್ಬಲ ಅನ್ನುವ ಪದದಲ್ಲಿ ಕರ್ತೃ ಇಲ್ಲ. ದುರ್ಬಲ ಮಾಡಿದವರು ಯಾರು ಅನ್ನುವುದು ವ್ಯಾಕರಣದಲ್ಲೇ ಮಾಯವಾಗುತ್ತದೆ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಹಿಡಿದು ಒಳ್ಳೆಯ ಕೆಲಸ ನಡೆದಿದೆ. 1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೊಂದು ಕಪ್ಪು ಜನ, ವಲಸಿಗರು ಇರುವ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಬಳಿಯಿತು, ಇಲ್ಲಿ ಸಾಲ ಕೊಡುವುದು ಅಪಾಯ ಅಂತ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ 108 ನಗರಗಳಲ್ಲಿ ಆ ಹಳೆಯ ನಕ್ಷೆಯನ್ನೂ ಇಂದಿನ ಶಾಖದ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿತು. ನೂರಕ್ಕೆ 94 ನಗರಗಳಲ್ಲಿ ಅಂದು ಕೆಂಪು ಬಳಿದ ಜಾಗವೇ ಇಂದು ಹೆಚ್ಚು ಬಿಸಿ, ಸರಾಸರಿ 2.6 ಡಿಗ್ರಿ. ಮುಂಬೈಯ ನಕ್ಷೆಗಾರರು ಇದೇ ಕೆಲಸವನ್ನು ಟ್ರಸ್ಟಿನ ಬಡಾವಣೆ ನಕ್ಷೆ, ಎತ್ತಂಗಡಿಯ ದಾಖಲೆಗಳ ಜೊತೆ ಇಟ್ಟು ಮಾಡಬೇಕಿತ್ತು. ಯೋಜನೆಯಲ್ಲಿ ನನಗೆ ಕಂಡ ದೊಡ್ಡ ಕೊರತೆ ಇದೇ.

ನಾಲ್ಕನೆಯ ಪ್ರಶ್ನೆ: ನಕ್ಷೆ ಯಾರ ಕೈಯಲ್ಲಿದೆ?

ಅಳತೆ ಬಡವರ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಮಾಹುಲ್ ಸಾಕ್ಷಿ. ತಾನ್ಸಾ ನೀರಿನ ಪೈಪ್‌ಲೈನ್ ಪಕ್ಕದಿಂದ ಎಬ್ಬಿಸಿದ ಸಾವಿರಾರು ಕುಟುಂಬಗಳನ್ನು ಶುದ್ಧೀಕರಣ ಘಟಕಗಳ ಬದಿಯ ಕಟ್ಟಡಗಳಿಗೆ ಕಳಿಸಿದರು. ಮಾಹುಲ್-ಅಂಬಾಪಾಡಾದ ಗಾಳಿಯಿಂದ ಜನರ ಆರೋಗ್ಯಕ್ಕೆ ಅಪಾಯವಿದೆ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಕೆಇಎಂ ಆಸ್ಪತ್ರೆಯ ಸಮೀಕ್ಷೆ ಅದಕ್ಕೆ ಆಧಾರವಾಗಿ ನಿಂತಿತ್ತು. ಆ ತೀರ್ಪನ್ನು ಹಿಡಿದುಕೊಂಡೇ ನಿವಾಸಿಗಳು ಹೋರಾಡಿದರು. 2019ರಲ್ಲಿ ಬಾಂಬೆ ಹೈಕೋರ್ಟ್, ಬೇರೆ ಕಡೆ ಮನೆ ಕೊಡಿ, ಇಲ್ಲದಿದ್ದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಅಂತ ಆದೇಶಿಸಿತು. ಉಸಿರಾಡಲು ಕಷ್ಟ ಅನ್ನುವ ದೂರನ್ನು ಅಂಕಿ ಇಲ್ಲದೆ ಯಾವ ಕೋರ್ಟೂ ಅಷ್ಟು ದೂರ ಒಯ್ಯುತ್ತಿರಲಿಲ್ಲ. ಹಾಗಾಗಿ ನಕ್ಷೆಯೇ ಬೇಡ ಅನ್ನುವವರ ಪೈಕಿ ನಾನಲ್ಲ.

ಅದೇ ಅಳತೆ ಬೇರೆ ಕೈಗೆ ಹೋದರೆ? 2023ರ ಅಕ್ಟೋಬರ್‌ನಲ್ಲಿ ಮುಂಬೈಯ ಗಾಳಿ ತೀರಾ ಕೆಟ್ಟಾಗ ಪಾಲಿಕೆ ಕಟ್ಟಡದ ಧೂಳಿಗೆ ನಿಯಮ ಮಾಡಿತು, ಎತ್ತರದ ಕಟ್ಟಡಗಳ ಸುತ್ತ 35 ಅಡಿ ತಗಡಿನ ಗೋಡೆ ಕಟ್ಟಬೇಕು ಅಂತೆಲ್ಲ. ಹೈಕೋರ್ಟ್ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. 2025ರ ಜನವರಿಯಲ್ಲಿ ಅದೇ ಪ್ರಕರಣದಲ್ಲಿ, ಸೌದೆ-ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿಗೋ ಬೇರೆ ಶುದ್ಧ ಇಂಧನಕ್ಕೋ ಬದಲಾಗಬೇಕು ಅಂದಿತು. ಬೇಕರಿ ಹೊಗೆ ಸುಳ್ಳಲ್ಲ, ಅದು ಮೊದಲು ಹೋಗುವುದು ಒಲೆ ಮುಂದೆ ನಿಂತ ಕೆಲಸದ ಹುಡುಗನ ಎದೆಗೇ. ಬದಲಾಗಲೇಬೇಕು. ಆದರೆ ಬಡವನ ಬೆಳಗಿನ ಪಾವ್ ಸುಡುವ ಸಣ್ಣ ಭಟ್ಟಿಯವನು ಹೊಸ ಒಲೆಗೆ ದುಡ್ಡು ಎಲ್ಲಿಂದ ತರಬೇಕು ಅನ್ನುವ ಪ್ರಶ್ನೆಗೆ ನೋಟಿಸಿನಷ್ಟು ಬೇಗ ಉತ್ತರ ಬರುವುದಿಲ್ಲ. ಚಿಮಣಿ ಕಣ್ಣಿಗೆ ಕಾಣುತ್ತದೆ, ಹೊಗೆಗೆ ವಿಳಾಸ ಇದೆ. ಲಕ್ಷಾಂತರ ಕಾರುಗಳ ಹೊಗೆಗೆ ಹಾಗೆ ಒಂದು ಬಾಗಿಲು ಇಲ್ಲ, ತಟ್ಟಲು.

ಇನ್ನೂ ಗಂಭೀರವಾದದ್ದು ಇದು. ಧಾರಾವಿ ಪುನರಾಭಿವೃದ್ಧಿಯಲ್ಲಿ ಅಲ್ಲೇ ಮನೆ ಪಡೆಯಲು 'ಅನರ್ಹ' ಅನಿಸಿಕೊಂಡವರ ವಸತಿಗಾಗಿ ದೇವನಾರ್ ಕಸದ ಗುಡ್ಡೆಯ ಸುಮಾರು 124 ಎಕರೆ ಕೊಡಲು 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಒಪ್ಪಿತು. ಒಂದು ಕಡತದಲ್ಲಿ ಆ ಜಾಗ ಮಾಲಿನ್ಯದ ಕೇಂದ್ರ, ಇನ್ನೊಂದು ಕಡತದಲ್ಲಿ ಬಡವರ ವಸತಿ ಜಾಗ! ಈ ಎರಡು ನಕ್ಷೆಗಳನ್ನು ಒಂದೇ ಮೇಜಿನ ಮೇಲೆ ಇಟ್ಟವರು ಯಾರಾದರೂ ಇದ್ದಾರೆಯೇ?

ಪಕ್ಕಾ ಕಟ್ಟಡ ಕೊಟ್ಟರೆ ಸಾಕು ಅನ್ನುವವರು ಅದೇ ವಾರ್ಡಿನ ಪುನರ್ವಸತಿ ಕಾಲೋನಿಗಳನ್ನು ನೋಡಬೇಕು. ಲಲ್ಲೂಭಾಯಿ ಕಂಪೌಂಡ್, ನಟವರ್ ಪಾರೇಖ್ ಕಂಪೌಂಡ್‌ಗಳಲ್ಲಿ ಕಟ್ಟಡಗಳ ನಡುವೆ ಕೆಲವೇ ಮೀಟರ್ ಅಂತರ, ಕೆಳಗಿನ ಮನೆಗಳಿಗೆ ಬಿಸಿಲು ಗಾಳಿ ಎರಡೂ ಇಲ್ಲ. ಹೆಚ್ಚು ಅಂತರವಿರುವ ಪಕ್ಕದ ಪಿಎಂಜಿಪಿ ಕಾಲೋನಿಗಿಂತ ಇಲ್ಲಿ ಕ್ಷಯರೋಗ ಬಹಳ ಹೆಚ್ಚು ಅಂತ ವೈದ್ಯರ ಅಧ್ಯಯನ 2018ರಲ್ಲಿ ತೋರಿಸಿತು. ಮೇಲಿನಿಂದ ನೋಡುವ ಉಪಗ್ರಹಕ್ಕೆ ಮೂರೂ ಒಂದೇ ತರಹದ ಕಾಂಕ್ರೀಟ್ ತಾರಸಿ.

ಹಾಗಾದರೆ ಒಳ್ಳೆಯ ನಕ್ಷೆ ಹೇಗಿರಬೇಕು? ಅಹಮದಾಬಾದ್ ಒಂದು ಉದಾಹರಣೆ. 2010ರ ಮೇ ತಿಂಗಳ ಬಿಸಿಗೆ ಅಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚಾಗಿದ್ದವು. ಪಾಲಿಕೆ ಆ ಸಾವಿನ ಲೆಕ್ಕವನ್ನೇ ಮುಂದಿಟ್ಟುಕೊಂಡು 2013ರಲ್ಲಿ ದಕ್ಷಿಣ ಏಷ್ಯಾದ ಮೊದಲ ಶಾಖ ಕ್ರಿಯಾ ಯೋಜನೆ ಮಾಡಿತು. ಮುಂದೆ ತಗಡಿನ ಸೂರಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಸೇರಿಕೊಂಡಿತು. ಎಷ್ಟು ಡಿಗ್ರಿಗೆ ಯಾರು ಸಾಯುತ್ತಾರೆ ಅಂತ ಗೊತ್ತಾದ ಮೇಲೆ ಬಣ್ಣಕ್ಕೆ ಅರ್ಥ ಬರುತ್ತದೆ. ನಮ್ಮಲ್ಲೂ ಕಲಬುರಗಿ ವಿಭಾಗದಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಸುವ ಪದ್ಧತಿ ಇದೆ. ಯಾವ ಉಪಗ್ರಹವೂ ಬೇಕಾಗಲಿಲ್ಲ, ಅನುಭವ ಸಾಕಾಯಿತು. ಆದರೆ ಆ ರಿಯಾಯಿತಿ ಗುಮಾಸ್ತನಿಗೆ ಇದೆ, ರಸ್ತೆ ಅಗೆಯುವವನಿಗೆ ಇಲ್ಲ.

ವಿದ್ಯಾರ್ಥಿಗಳೇ, ಈ ಮಾತು ನಿಮಗೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿಗೂ ಇಂಥದ್ದೇ ಹವಾಮಾನ ಯೋಜನೆ ಬಂದಿದೆ. ನಾಳೆ ಹುಬ್ಬಳ್ಳಿ, ಮಂಗಳೂರಿಗೂ ನಕ್ಷೆಗಳು ಬರಬಹುದು. ಅವು ಬರುವ ಮುಂಚೆ ನಿಮ್ಮ ಓಣಿಯ ಅಳತೆಯನ್ನು ನೀವೇ ಶುರುಮಾಡಿ. ತೇವಾಂಶವನ್ನೂ ತೋರಿಸುವ ಉಷ್ಣಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಿಸಿಲು ನೇರ ಬೀಳದ ಕಡೆ, ನಿಮ್ಮ ಎದೆಯ ಎತ್ತರಕ್ಕೆ ಮನೆಯೊಳಗೇ ಇಡಿ. ಬೆಳಗ್ಗೆ 6, ಮಧ್ಯಾಹ್ನ 3, ರಾತ್ರಿ 11, ಮೂರು ಹೊತ್ತು ಬರೆದುಕೊಳ್ಳಿ. ಪಕ್ಕದಲ್ಲಿ ಸೂರು ತಗಡೋ ಹೆಂಚೋ ತಾರಸಿಯೋ, ಕಿಟಕಿ ಎಷ್ಟು, ಮಲಗುವವರು ಎಷ್ಟು, ಕರೆಂಟು ಎಷ್ಟು ಹೊತ್ತು ಹೋಯಿತು, ಯಾರಿಗೆ ದಮ್ಮು, ಯಾರು ಮನೆಯಲ್ಲೇ ಬೀಡಿ ಕಟ್ಟುತ್ತಾರೆ ಅಂತಲೂ ಬರೆಯಿರಿ. ಹೆಸರು ಬರೆಯಬೇಡಿ, ಮನೆಗೊಂದು ಸಂಖ್ಯೆ ಸಾಕು. ಇಪ್ಪತ್ತು ಮನೆಗಳಲ್ಲಿ ಒಂದು ಬೇಸಿಗೆ ಹೀಗೆ ಬರೆದ ನೋಟ್‌ಬುಕ್ಕು, ವಾರ್ಡ್ ಸಭೆಯಲ್ಲಿ ಅಧಿಕಾರಿಯ ಬಣ್ಣದ ನಕ್ಷೆಯ ಪಕ್ಕದಲ್ಲಿ ಇಡಲು ಯೋಗ್ಯವಾದ ದಾಖಲೆ.

2011ರ ಜನಗಣತಿಯಲ್ಲಿ ಬೃಹನ್ಮುಂಬೈಯ ಜನಸಂಖ್ಯೆ ಸುಮಾರು 1 ಕೋಟಿ 24 ಲಕ್ಷ. ಹತ್ತರಲ್ಲಿ ನಾಲ್ಕು ಜನ ಕೊಳೆಗೇರಿಯಲ್ಲಿದ್ದರು. ಯೋಜನೆಯ ಮೂಲ ದಸ್ತಾವೇಜು ಇಂಗ್ಲಿಷಿನಲ್ಲಿದೆ. ಅದರ ಒಂದೊಂದು ವಾರ್ಡಿನ ಪುಟವಾದರೂ ಉರ್ದು, ಕನ್ನಡ, ತಮಿಳಿನಲ್ಲಿ ಪಾಲಿಕೆ ಶಾಲೆಯ ಗೋಡೆಗೆ ಬರಲಿ. ನಕ್ಷೆಯಲ್ಲಿ ತಮ್ಮ ಓಣಿ ಎಲ್ಲಿದೆ ಅಂತ ಮಕ್ಕಳು ಬೆರಳಿಟ್ಟು ತೋರಿಸಲಿ, ಬಣ್ಣ ಸರಿ ಇಲ್ಲದಿದ್ದರೆ ಸರಿ ಇಲ್ಲ ಅನ್ನಲಿ. ಅದನ್ನು ಕೇಳಿಸಿಕೊಂಡು ತಿದ್ದುವ ಜಾಗವೂ ಆ ಯೋಜನೆಯಲ್ಲಿ ಇರಬೇಕು.